ಮಲ್ಲಟದ ಕಾಲುವೆ ಬಳಿ ಕೇಳಿದ ಕೂಗು

ದೆವ್ವ, ಪವಾಡ ಅಂತ ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತಿದ್ದವನು ನಾನು. ರಾಯಚೂರಿನ ಶಾಲೆಯಲ್ಲಿ ವಿಜ್ಞಾನದ ಪಾಠ ಮಾಡುವವನು ಬೇರೆ. ಈಗಲೂ ಅಂಥ ಮಾತನ್ನು ಸುಲಭಕ್ಕೆ ನಂಬುವುದಿಲ್ಲ. ಆದರೆ ಎಪ್ಪತ್ತರ ದಶಕದ ಕೊನೆಯಲ್ಲಿ ನನ್ನ ಕಿವಿಗೇ ಬಿದ್ದದ್ದನ್ನು ಸುಳ್ಳು ಎನ್ನಲಾರೆ.

ದೇವದುರ್ಗದ ಕಡೆ ಮಸರಕಲ್‌ನಲ್ಲಿದ್ದ ನನ್ನ ಸೋದರಮಾವ ಬೀರಪ್ಪ ಕುರಿ ಕಾಯುವವನು. ಅವನದೊಂದು ಕೂಗಿತ್ತು. ಗಂಟಲ ಆಳದಿಂದ ಎದ್ದು, ಉದ್ದಕ್ಕೆ ಎಳೆದು, ಕೊನೆಗೆ ಎರಡು ಸಲ ಮುರಿಯುತ್ತಿತ್ತು. ಹಿಂಡು ಎಲ್ಲೇ ಚದುರಿರಲಿ, ಆ ಕೂಗಿಗೆ ತಲೆ ಎತ್ತಿ ಅವನತ್ತ ಬರುತ್ತಿತ್ತು. ಬೇರೆ ಯಾರು ಗಂಟಲು ಹರಿದುಕೊಂಡರೂ ಕ್ಯಾರೇ ಅನ್ನುತ್ತಿರಲಿಲ್ಲ.

ಅಂಥ ಮಾವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು; ಮಾತೂ ಹೋಯಿತು. ಯಾರ ಮೇಲೂ ರೇಗಿ ಗೊತ್ತಿಲ್ಲದವನು ಊಟದ ಗಂಗಾಳ ಎಸೆಯತೊಡಗಿದ. ಅತ್ತೆ ತಲೆ ಬಾಚಲು ಬಂದರೆ ಎಡಗೈಯಿಂದ ನೂಕುತ್ತಿದ್ದ. ರಾಯಚೂರಿನ ಡಾಕ್ಟರು, ‘ಆ ಸಿಟ್ಟೂ ರೋಗದ್ದೇ ಅದ. ಮನಸ್ಸಿಗೆ ಹಚ್ಕೋಬ್ಯಾಡ್ರಿ. ಸಿಟ್ಟು ಹೋಗಿ ಸುಮ್ಮನಾದ್ರ ಆಗ ಹೆದರ್ರಿ’ ಎಂದಿದ್ದರು. ಹಾಗೆಯೇ ಆಯಿತು. ಸುಗ್ಗಿಯ ಹೊತ್ತಿಗೆ ಮಾವ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಅಂಬಲಿಯನ್ನು ಕೂಡ ಬಾಯಿಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅವನಿಗೆ ಬದುಕುವ ಮನಸ್ಸೇ ಇಲ್ಲವೆಂದು ಮನೆಯವರಿಗೆಲ್ಲ ಗೊತ್ತಾಗಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮಾವನ ಮಗ ಹನುಮಂತ ಹಿಂಡನ್ನು ಮಾನ್ವಿ ಕಡೆಯ ಮಲ್ಲಟಕ್ಕೆ ಹೊಡೆದುಕೊಂಡು ಹೋಗಿದ್ದ. ಅಲ್ಲಿ ಭತ್ತ ಕೊಯ್ದ ಗದ್ದೆಗಳಲ್ಲಿ ಕುರಿ ನಿಲ್ಲಿಸುತ್ತಾರೆ. ಕುರಿಗೆ ಮೇವು, ಗದ್ದೆಗೆ ಗೊಬ್ಬರ. ಅಪ್ಪನ ಸ್ಥಿತಿ ತಿಳಿಸಿ ಅವನನ್ನು ಕರೆತರಲು ನಾನು ಹೋದೆ.

ನಾನು ಮುಟ್ಟುವಾಗ ನಡು ಮಧ್ಯಾಹ್ನ. ಬಾಯಾರಿದ ಹಿಂಡು ಕಾಲುವೆಯತ್ತ ನುಗ್ಗಿತ್ತು. ಕಾಲುವೆ ತುಂಬಿ ಹರಿಯುತ್ತಿತ್ತು. ಎಲ್ಲಕ್ಕೂ ಮುಂದಿದ್ದ ಕುರಿ ಕಲ್ಲಿನ ಇಳಿಜಾರಿನಲ್ಲಿ ಜಾರಿ ನೀರಿನಂಚಿಗೆ ಬಿದ್ದಿತ್ತು, ಉಳಿದವು ಅದರ ಹಿಂದೆಯೇ ಇಳಿಯತೊಡಗಿದ್ದವು. ಹನುಮಂತ ಅಪ್ಪನಂತೆ ಕೂಗಿ ನೋಡಿದ. ಕೋಲು ಬೀಸಿದ. ಕೊನೆಗೆ ಅಳತೊಡಗಿದ. ಹಿಂಡು ಹೋದರೆ ಮಾವನೂ ಉಳಿಯುವುದಿಲ್ಲ ಎಂದುಕೊಂಡೆ.

ಆಗ ನಮ್ಮ ಬೆನ್ನ ಹಿಂದಿನ ಬಯಲಿನಿಂದ ಮಾವನ ಕೂಗು ಕೇಳಿತು. ಅದೇ ಎಳೆತ, ಕೊನೆಗೆ ಅದೇ ಎರಡು ಮುರಿತ. ಇಡೀ ಹಿಂಡು ಒಮ್ಮೆಗೇ ತಲೆ ಎತ್ತಿತು. ಜಾರಿದ ಕುರಿಯೂ ಹೇಗೋ ಹತ್ತಿ ಬಂತು. ಎಲ್ಲವೂ ನಮ್ಮನ್ನು ದಾಟಿ ಓಡಿ, ಕೊಯ್ದ ಗದ್ದೆಯ ನಡುವೆ ಒಂದು ಖಾಲಿ ಜಾಗದ ಸುತ್ತ ನಿಂತವು. ಅಲ್ಲಿ ಯಾರೂ ಇರಲಿಲ್ಲ. ಕುರಿಗಳು ಮಾತ್ರ ಯಾರದೋ ಮುಖ ನೋಡುವಂತೆ ಕತ್ತೆತ್ತಿದ್ದವು. ನನಗೆ ಭಯವಾಗಲಿಲ್ಲ. ಯಾಕೋ ಚಪ್ಪಲಿ ಕಳಚಿ ನಿಂತೆ.

‘ಭಾವಾ, ಅದು ನಮ್ಮಪ್ಪನ ದನಿ’ ಎಂದ ಹನುಮಂತ.

‘ಹೌದೋ’ ಎಂದೆ.

ಪಕ್ಕದ ಹಿಂಡಿನವರಿಗೆ ಕುರಿ ಒಪ್ಪಿಸಿ ಮರುದಿನ ಮಸರಕಲ್ ಮುಟ್ಟಿದೆವು. ನಾವು ಏನನ್ನೂ ಹೇಳುವ ಮೊದಲೇ ಅತ್ತೆ ಶುರುಮಾಡಿದಳು: ‘ನಿಮ್ಮ ಮಾವಗ ಮೊಣಕಾಲು ನೋಯಾಕತ್ತದ ಏನೋ ನೋಡಪ್ಪಾ. ನಿನ್ನಿ ಮಧ್ಯಾಹ್ನದಿಂದ ತಟ್ಟಿ ತಟ್ಟಿ ತೋರಸಾಕತ್ತಾನ. ಎಣ್ಣಿ ತಿಕ್ಕಾಕ ಹೋದ್ರ ಬಟ್ಟಲಾನ ಒಗದ.’

ಮಾವ ಆಗಲೂ ಎಡಗೈಯಿಂದ ಬಲ ಮೊಣಕಾಲು ತಟ್ಟಿಕೊಂಡು ಬಾಗಿಲತ್ತ ನೋಡುತ್ತಿದ್ದ. ಕಾಲುವೆಯಿಂದ ಹತ್ತಿ ಬಂದ ಕುರಿಯ ಬಲ ಮುಂಗಾಲಿನ ಮೊಣಕಾಲು ಕಲ್ಲಿಗೆ ತರಚಿ, ಅದು ಕುಂಟುತ್ತಿದ್ದುದು ಆ ಮನೆಯಲ್ಲಿ ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು.

ಹನುಮಂತ ಅಪ್ಪನ ಪಕ್ಕದಲ್ಲಿ ಕುಸಿದು ಕೂತು, ‘ಔಷಧಿ ಹಚ್ಚೀನಿ ಯಪ್ಪಾ. ಎಲ್ಲಾ ಕುರಿ ಚಲೋ ಅದಾವ’ ಎಂದ. ಮಾವನ ಎದೆಯಿಂದ ಉದ್ದನೆಯ ಉಸಿರು ಹೊರಬಿತ್ತು. ಅವತ್ತು ಅಂಬಲಿ ಕುಡಿದ.

ಆಮೇಲೆ ಕೆಲವು ವರ್ಷ ಬದುಕಿದ. ಸಿಟ್ಟು ಹೋಗಲಿಲ್ಲ. ಗಂಗಾಳಗಳು ಹಾರುತ್ತಲೇ ಇದ್ದವು, ಅತ್ತೆ ನಗುತ್ತ ಆಯ್ದುಕೊಳ್ಳುತ್ತಿದ್ದಳು. ಮಾತು ಮಾತ್ರ ಕೊನೆಯವರೆಗೂ ಬರಲಿಲ್ಲವಾದ್ದರಿಂದ ಅವನನ್ನು ಕೇಳಿ ತಿಳಿಯುವ ದಾರಿಯೂ ಇರಲಿಲ್ಲ. ಬೇರೆ ಯಾರೋ ಕೂಗಿರಬಹುದು, ಗಾಬರಿಯಲ್ಲಿ ನಿಮಗೆ ಹಾಗೆ ಕೇಳಿಸಿರಬಹುದು ಎಂದು ಶಾಲೆಯ ಗೆಳೆಯರು ಹೇಳಿದರು. ಇರಬಹುದು. ನನ್ನ ಕಿವಿಯನ್ನು ನಾನೂ ಅನುಮಾನಿಸಬಲ್ಲೆ. ಆ ಕುರಿಗಳ ಕಿವಿಯನ್ನು ಹೇಗೆ ಅನುಮಾನಿಸಲಿ?