ಪತ್ರಾಸಿನ ಕೆಳಗೆ ಎಮ್ಮೆ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಮನೋಳಿ ಹತ್ತಿರದ ನಮ್ಮೂರಿಂದ ಸವದತ್ತಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಓದಿದೆ. ಬಸ್ ಪಾಸು, ಫೀಸು ಎಲ್ಲ ಅವ್ವನ ಎಮ್ಮೆಯ ಹಾಲಿನಿಂದ ಬಂದದ್ದು. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅದೇ ಡಿಗ್ರಿಯ ಹೆಸರು ಹೇಳಿ ಅದೇ ಎಮ್ಮೆಯನ್ನು ಮನೆಯಿಂದ ಹೊರಗೆ ಹಾಕಿದರು. ಆ ಸಿಟ್ಟು ಇನ್ನೂ ಇಳಿದಿಲ್ಲ.

ನಮ್ಮದು ಮಣ್ಣಿನ ಮಾಳಿಗೆಯ ಮನೆ. ತಲೆಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಒಂದು ಮೆಟ್ಟಿಲು ಮೇಲೆ ನಾವು ಕೂರುವ ಪಡಸಾಲೆ. ದಪ್ಪ ಗೋಡೆ, ತಲೆಯ ಮೇಲೂ ಮಣ್ಣು. ಎಂಥ ಬಿಸಿಲಿಗೂ ಒಳಗೆ ತಂಪು. ನನಗೆ ವರ ನೋಡಲು ಶುರು ಮಾಡಿದಾಗ ಅಪ್ಪನ ತಮ್ಮ, ನಮ್ಮ ಕಾಕಾ, ಬಂದವನೇ ಮೂಗು ಮುಚ್ಚಿಕೊಂಡ.

"ಡಿಗ್ರಿ ಹುಡುಗಿ ಇರೂ ಮನ್ಯಾಗ ಸಗಣಿ ನಾತ ಹೊಡೀತೈತಿ. ಬಂದ ಮಂದಿ ಏನ ತಿಳಕೋಬೇಕು?"

"ನೀ ದಿನಾ ಕುಡಿಯೂ ಚಹಾದಾಗ ಆ ನಾತ ಬರೂದಿಲ್ಲೇನ ಕಾಕಾ?" ಅಂದೆ. ಕಾಕಾ ಹಿತ್ತಲಿನ ಜಾಗ ಅಳೆಯಲು ಎದ್ದ.

ಹಿತ್ತಲಲ್ಲಿ ಸಿಮೆಂಟಿನ ನೆಲ, ಪತ್ರಾಸಿನ, ಅಂದರೆ ತಗಡಿನ ಶೆಡ್ಡು ಎದ್ದಿತು; ಎಮ್ಮೆಯನ್ನು ಅಲ್ಲಿ ಕಟ್ಟಿದರು. ಸರಕಾರದ ಸಹಾಯಧನ ಬೇಕಾದರೆ ಹೀಗೇ ಕಟ್ಟಿ, ಎಮ್ಮೆ ನಿಲ್ಲಿಸಿ ಫೋಟೋ ತೆಗೆಸಬೇಕಂತೆ. ಮೇಲೆ ತಂಪಿಗೆ ಕಬ್ಬಿನ ಒಣಗರಿಯ ರವದಿಯನ್ನಾದರೂ ಹೊದಿಸೋಣ ಎಂದರೆ ಕಟ್ಟಿಸಲು ಬಂದಾತ, "ಫೋಟೋದಾಗ ಪತ್ರಾಸ ಕಾಣಬೇಕ್ರಿ" ಅಂದ. ಈಗಿನ ಬಿಸಿಲು ನಾನು ಸಾಲಿಗೆ ಹೋಗುವಾಗಿನ ಬಿಸಿಲಲ್ಲ. ಶಿವರಾತ್ರಿ ಮುಗಿದರೆ ಉರಿ ಶುರು. ಹೊಳೆಯಲ್ಲಿ ಎಮ್ಮೆ ಮುಳುಗುವಷ್ಟು ನೀರೂ ಉಳಿಯುವುದಿಲ್ಲ.

ಅಂಥದೇ ಒಂದು ಮಧ್ಯಾಹ್ನ ಬೈಲಹೊಂಗಲದಿಂದ ವರನ ಕಡೆಯವರು ಬಂದರು. ಅವಲಕ್ಕಿ ಕೊಡುತ್ತಿದ್ದ ನನಗೆ ಹಿತ್ತಲಿಂದ ಎಮ್ಮೆಯ ತೇಕು ಕೇಳಿಸಿತು. ಅದು ತುಂಬು ಗಬ್ಬ. ಓಡಿಹೋಗಿ ನೋಡಿದರೆ ನಾಲಿಗೆ ಹೊರಗೆ, ಬಾಯಿತುಂಬ ಜೊಲ್ಲು, ಕಾಲು ನಡುಗುತ್ತಿದ್ದವು. ಅವ್ವ ಸೆರಗು ತೋಯಿಸಿ ಅದರ ಮೋರೆ ಒರೆಸುತ್ತಿದ್ದಳು.

"ಒಳಗ ಒಯ್ಯೂಣು ನಡಿಯವ್ವ."

"ಅವರು ಹೋಗಲಿ ತಡಿ. ನಿಮ್ಮ ಕಾಕಾ ಬೈತಾನ."

"ಅಲ್ಲೀತನಾ ಇದು ಉಳೀಬೇಕಲ್ಲ."

ಹಗ್ಗ ಬಿಚ್ಚಿ, ಮನೆ ಸುತ್ತುಹಾಕಿ, ತಲೆಬಾಗಿಲಿಂದಲೇ ಒಳಗೆ ತಂದೆ. ಪಡಸಾಲೆಯ ಅಂಚಿಗೆ ಕಾಲು ಇಳಿಬಿಟ್ಟಿದ್ದವರೆಲ್ಲ ಕಾಲು ಮೇಲೆತ್ತಿಕೊಂಡರು.

"ಏ ಹುಚ್ಚಿ, ಇದಕ್ಕೇನ ನಿನಗ ಓದಿಸಿದ್ದು?" ಕಾಕಾ ಅಡ್ಡ ನಿಂತ.

"ನನಗ ಓದಿಸಿದ್ದು ಇದು. ಅತ್ತ ಸರಿ, ದಾರಿ ಬಿಡು."

ವರನ ತಾಯಿ ಚಹಾದ ಕಪ್ಪು ಕೆಳಗಿಟ್ಟಳು. "ಹುಡುಗಿ ಶ್ಯಾಣ್ಯಾ ಅದಾಳ ಅಂದಿದ್ರಿ."

"ಅದಕ್ಕ ಒಳಗ ತಂದೇನ್ರಿ" ಅಂದೆ, ಎಮ್ಮೆಯ ಬೆನ್ನಿಗೆ ಹಸಿ ಗೋಣಿಚೀಲ ಹಾಕುತ್ತ.

ಸಂಬಂಧ ಅಲ್ಲಿಗೇ ಮುರಿಯಿತು. ಸಂಜೆ ಹೊತ್ತಿಗೆ ಎಮ್ಮೆಯ ತೇಕು ಇಳಿಯಿತು. ಮುಂದೆ ಕರು ಹಾಕಿದ್ದೂ ಒಳಗೇ. ಕಾಕಾ ನನ್ನೊಡನೆ ಮಾತು ಬಿಟ್ಟಿದ್ದಾನೆ, ಬಿಡಲಿ. ಶೆಡ್ಡಿನಲ್ಲಿ ಈಗ ಸಗಣಿಯ ಕುಳ್ಳು ಒಟ್ಟಿದ್ದೇವೆ.

ಸಹಾಯಧನದ ಫೋಟೋ ತೆಗೆಯುವವ ಆಮೇಲೆ ಒಂದು ದಿನ ಬಂದ, ಅದೂ ನಡುಮಧ್ಯಾಹ್ನ. "ಒಂದೀಟು ಹೊತ್ತು ಎಮ್ಮಿ ತಂದ ಕಟ್ರಿ ಅಕ್ಕಾರ."

"ಅದು ಬರೂದಿಲ್ಲ. ನೀವ ಒಂದ ತಾಸು ಪತ್ರಾಸಿನ ಕೆಳಗ ನಿಂದರ್ರಿ. ಫೋಟೋ ನಾ ತೆಗೀತೇನಿ."