ಕಿಸೆಯೊಳಗಿನ ಅಮೆರಿಕದ ಹಾಡು

ಹೊಸ ಹೆಸರುಕಾಳನ್ನು ಮೊರದಲ್ಲಿ ಹಾಕಿಕೊಂಡು ಹಸನು ಮಾಡುತ್ತಿದ್ದೆ. ಬಿಡದ ಮಳೆಗೆ ಅರ್ಧ ಕಾಳು ಮೊಳಕೆಯೊಡೆದಿತ್ತು. ಅವತ್ತು ಬೆಳಿಗ್ಗೆಯಷ್ಟೇ ಮಳೆ ನಿಂತು ಹೊಳವಾಗಿತ್ತು. ದೇವರ ಜಗಲಿಯ ಮೇಲಿಡುತ್ತಿದ್ದ ಮನೆಯ ಮೊಬೈಲು ಕೂಗಿತು. ಚಿಕ್ಕನರಗುಂದದಿಂದ ಒಬ್ಬರು ಮಾತಾಡಿದರು. ನಮ್ಮವರ ಹತ್ತಿರ ಸೀರೆ ಕೊಳ್ಳುವ ಮನೆಯವರು, ಮೊಹರಮ್ಮಿನಲ್ಲಿ ಹಲಗೆ ಬಾರಿಸುವವರು.

"ಅಕ್ಕಾರ, ಗಾಬರಿ ಆಗಬ್ಯಾಡ್ರಿ. ನಿಮ್ಮವರ ಗಾಡಿ ಹಳ್ಳದ ಸೇತುವಿ ಕೆಳಗ ಸಿಕ್ಕೈತಿ. ಸೀರಿ ಗಂಟು ಜಾಲಿ ಕಂಟಿಗೆ ಸಿಗಬಿದ್ದೈತಿ. ಅವರು ಕಾಣವಲ್ರು."

ನಮ್ಮ ಯಜಮಾನರು ನಮ್ಮೂರು ಗಜೇಂದ್ರಗಡದ ಮಗ್ಗದ ಸೀರೆಗಳನ್ನು ಮೋಟರ್ ಸೈಕಲ್ಲಿಗೆ ಕಟ್ಟಿಕೊಂಡು ನರಗುಂದದ ಕಡೆಯ ಹಳ್ಳಿಗಳಲ್ಲಿ ಮಾರುತ್ತಿದ್ದರು. ಹಿಂದಿನ ದಿನ ನರಗುಂದದ ಚಿಕ್ಕಪ್ಪನ ಮನೆಯಲ್ಲಿ ಉಳಿದು ನಸುಕಿನಲ್ಲೇ ಹೊರಟಿದ್ದರಂತೆ.

ಅತ್ತೆ ನನ್ನ ಕೈಯಿಂದ ಮೊಬೈಲ್ ಕಿತ್ತುಕೊಂಡು ಮಗನಿಗೆ ಫೋನ್ ಹಚ್ಚಿದರು. "ರಿಂಗ್ ಆಗಾಕತ್ತೈತಿ! ಅದಾನ, ನನ್ನ ಮಗ ಅದಾನ!" ಎಂದು ಗೋಡೆಗೊರಗಿದರು. ಯಾರೂ ಎತ್ತಲಿಲ್ಲ. ಮಳೆಗಾಲವೆಂದು ಅವರ ಮೊಬೈಲಿಗೆ ಹಾಲಿನ ಪಾಕೀಟಿನ ಚೀಲ ಸುತ್ತಿ, ರಬ್ಬರ್ ಹಾಕಿ ಒಳಕಿಸೆಗೆ ಇಟ್ಟು ಕಳಿಸಿದ್ದೆ. ದೇವರು ನನಗೆ ಅಷ್ಟು ಬುದ್ಧಿ ಕೊಟ್ಟಿದ್ದ.

ಚಿಕ್ಕನರಗುಂದದವರು ಮತ್ತೆ ಹಚ್ಚಿದರು. "ದಂಡಿಗುಂಟ ಹುಡುಕಾಕತ್ತೇವ್ರಿ. ನೀರಿನ ಸಪ್ಪಳ ಭಾಳ ಐತಿ. ಅವರ ಮೊಬೈಲ್ ಹ್ಯಾಂಗ ಕೂಗ್ತೈತಿ ಹೇಳ್ರಿ. ಕಿವಿ ಅದಕ್ಕ ಇಟ್ಟಿರ್ತೀವಿ."

ಅವರ ಮೊಬೈಲಿನ ರಿಂಗಿನ ಹಾಡಿನ ಮೇಲೆ ನನಗೆ ಸಿಟ್ಟಿತ್ತು. ನಮ್ಮ ಬಸ್‌ಸ್ಟ್ಯಾಂಡಿನ ಹತ್ತಿರ ಮೊದಲು ಕ್ಯಾಸೆಟ್ ಅಂಗಡಿ ಇಟ್ಟಿದ್ದ ಭಾಯಿಯೊಬ್ಬರು ಈಗ ಮೊಬೈಲ್ ಮಾರುತ್ತಿದ್ದರು. ಅವರೇ ಅದನ್ನು ತುಂಬಿ ಕೊಟ್ಟಿದ್ದು. "ಅಮೆರಿಕಾದ ಕರಿ ಮಂದಿ ಕಟ್ಟಿದ್ದು, ವೈನಿ. ನಾ ಸಾಲಿಗೆ ಹೋಗೂ ಕಾಲದ್ದು. ಬಡವರು, ಬಾಜಾ ಪೇಟಿ ಇರಲಿಲ್ಲ, ಹಳೇ ರಿಕಾರ್ಡ್ ತಿರುವಿ ತಿರುವಿ ತಾಳ ತಗದ್ರು. ತಾಳದ ಮ್ಯಾಲೆ ಬರೇ ಮಾತು. ನಮ್ಮ ಗೀಗೀ ಪದದಾಗ ಸವಾಲ್ ಒಗಿತಾರಲ್ಲ, ಹಂಗ" ಅಂದಿದ್ದರು. ಇಟಗಿಯ ಭೀಮವ್ವನ ಗುಡಿಯಲ್ಲಿ ಮಂಗಳಾರತಿಯ ಹೊತ್ತಿಗೇ ಅದು ಕೂಗಿತ್ತು. ಪಕ್ಕದ ಹೆಣ್ಣುಮಗಳು, "ಯವ್ವಾ, ನಿಮ್ಮ ಯಜಮಾನ್ರ ಕಿಸೆದಾಗ ಯಾರೋ ಜಗಳಾ ತಗದಾರ ನೋಡ್ರಿ" ಎಂದು ನಕ್ಕಿದ್ದಳು. ತೆಗೆಸಿರೆಂದು ಎಷ್ಟು ಹೇಳಿದರೂ ಇವರು ಕೇಳಲಿಲ್ಲ. ಸಂತೆಯ ಗದ್ದಲದಲ್ಲಿ ತಮ್ಮದು ತಮಗೆ ಗೊತ್ತಾಗಬೇಕಂತೆ.

ಪಡಸಾಲೆಯಲ್ಲಿ ಮಾವನವರು ಕುಳಿತಿದ್ದರು. ಅವರೆದುರು ದನಿಯೆತ್ತಿ ಮಾತಾಡಿದವಳಲ್ಲ ನಾನು. ಕಾಳು ಚೆಲ್ಲಿ, ಮೊಬೈಲನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿಕೊಂಡು ಮೊರದ ಬೆನ್ನಿಗೆ ಬಡಿದೆ. ಧಮ್, ಧಧಮ್, ಟಕ್. ಬಾಯಲ್ಲೂ ಹಾಡಿನವರು ಬಡಬಡಿಸಿದಂತೆ ಬಡಬಡಿಸಿದೆ, ಒಂದಕ್ಷರದ ಅರ್ಥ ತಿಳಿಯದೆ. ಮಾವನವರು ತಲೆ ತಗ್ಗಿಸಿದರು.

"ಏ, ಇದು ನಮ್ಮ ಹೆಜ್ಜಿ ಮೇಳದ್ದ ಐತಲ್ರಿ ಅಕ್ಕಾರ!" ಆ ಕಡೆಯಿಂದ ದನಿ ಎದ್ದಿತು. "ನಿಮ್ಮೂರ ಅಂಗಡಿ ಭಾಯಿನ ಕ್ಯಾಸೆಟ್ ಕೊಟ್ಟಿದ್ದ. ಮೊಹರಮ್ಮಿಗೆ ಅಲಾವಿ ಬೆಂಕಿ ಸುತ್ತ ನಾವು ಇದ ತಾಳಕ್ಕ ಕುಣಿಯೂದು. ಎಷ್ಟ ಗದ್ದಲದಾಗೂ ಹಿಡಿತೀನಿ. ಆದ್ರ ನಾ ಹಚ್ಚಿದ್ರ ಬರೇ ಎಂಗೇಜ್! ಯಾರ ಹಚ್ಚಾಕತ್ತಾರ?"

ಯಾರು ಹಚ್ಚುತ್ತಿರಲಿಲ್ಲ! ಸುದ್ದಿ ತಿಳಿದವರೆಲ್ಲ, ರಿಂಗ್ ಆದರೆ ಜೀವ ಇದೆ ಎಂದು, ಕೇಳಿ ಸಮಾಧಾನ ಪಡುತ್ತಿದ್ದರು. ಯಜಮಾನರ ಮೊಬೈಲಿನ ಬ್ಯಾಟರಿಯೋ ಹಳೆಯದು, ಮಧ್ಯಾಹ್ನದವರೆಗೂ ಬಾಳುತ್ತಿರಲಿಲ್ಲ. ರೋಣದ ನಾದಿನಿಗೆ ಹಚ್ಚಿದೆ.

"ಈಗ ಹಚ್ಚಿದ್ದೆ ವೈನಿ, ರಿಂಗ್ ಆತು. ಅಣ್ಣಗ ಏನೂ ಆಗಿಲ್ಲ. ಇನ್ನೊಮ್ಮೆ ನೋಡ್ತೇನಿ."

"ಬ್ಯಾಡವಾ. ನಿನ್ನ ಕಾಲು ಬೀಳ್ತೇನಿ, ಹಚ್ಚಬ್ಯಾಡ."

ನರಗುಂದದ ಚಿಕ್ಕಪ್ಪನವರಿಗೂ ಅದನ್ನೇ ಹೇಳಿದೆ. ಇತ್ತ ಅತ್ತೆ ಎದುರು ಮನೆಯವರ ಮೊಬೈಲ್ ಇಸಿದುಕೊಂಡು ಬಾಗಿಲ ಹಿಂದೆ ನಿಂತಿದ್ದರು. ಕೈ ಹಿಡಿದೆ.

"ನನ್ನ ಮಗಗ ನಾ ಹಚ್ಚಬಾರದಾ? ನಿನಗೊಬ್ಬಾಕಿಗೇ ಗಂಡ ಅಂವ?"

"ಮಗ ಸಿಗಬೇಕಂದ್ರ ಬಿಡ್ರಿ, ಅತ್ತಿ."

ಬಿಟ್ಟರು. ದೇವರ ಜಗಲಿಯ ಮುಂದೆ ಇಬ್ಬರೂ ಕುಳಿತೆವು. ತಾಯಿ ಭೀಮವ್ವಾ, ನಿನ್ನ ಗುಡಿಯಲ್ಲಿ ನಾ ಬೇಡವೆಂದದ್ದನ್ನು ಆ ಹಳ್ಳದ ದಂಡೆಯಲ್ಲಿ ಒಂದು ಸಲ ಕೇಳಿಸು ಎಂದು ಬೇಡಿಕೊಂಡೆ. ಮಳೆ ಮತ್ತೆ ಬಂದಿರಲಿಲ್ಲ. ಅದನ್ನೂ ಅವಳ ಕೃಪೆಯ ಲೆಕ್ಕಕ್ಕೇ ಹಿಡಿದೆ.

ಮೊಬೈಲು ಕೂಗಿತು. ನಾದಿನಿ. ಅಳುತ್ತಿದ್ದಳು. "ತಡಿಲಾರದ ಹಚ್ಚಿದೆ ವೈನಿ. ಸ್ವಿಚ್ ಆಫ್ ಅಂತ ಬಂತು."

ಮೊಬೈಲನ್ನು ಕೆಳಗಿಟ್ಟೆ. ಅತ್ತೆ ನನ್ನ ಮುಖ ನೋಡಿ ಸೆರಗು ಬಾಯಿಗೆ ತುರುಕಿಕೊಂಡರು. ಇನ್ನು ಅವರನ್ನು ಹುಡುಕಲು ಯಾವ ಗುರುತೂ ಉಳಿದಿರಲಿಲ್ಲ. ದೀಪಕ್ಕೆ ಎಣ್ಣೆ ಹಾಕಬೇಕೆಂದೂ ಅನ್ನಿಸಲಿಲ್ಲ.

ಎಷ್ಟು ಹೊತ್ತಾಯಿತೋ. ಚಿಕ್ಕನರಗುಂದದವರು ಏದುಸಿರಿನಲ್ಲಿ ಮಾತಾಡಿದರು. "ಸ್ವಿಚ್ ಆಫ್ ಆಗೂ ಮೊದಲ ಒಂದ ಸಲ ಲೈನ್ ಸಿಕ್ತು ಅಕ್ಕಾರ. ಎಲ್ಲಾರೂ ಉಸಿರ ಬಿಗಿ ಹಿಡಕೊಂಡು ನಿಂತ್ವಿ. ಆ ಕಡೆ ದಂಡಿ ಜಾಲಿಯೊಳಗ ಧಮ್ ಧಧಮ್ ಅಂತು, ಕಟ್ಟಾತು. ಅಷ್ಟ ಸಾಕಾತು. ಹಗ್ಗ ಹಿಡದು ದಾಟಿದ್ವಿ. ಉಸಿರೈತ್ರಿ. ಮಾತಿಲ್ಲ. ಬಲಗೈ ಮುರದೈತಿ. ನರಗುಂದ ದವಾಖಾನಿಗೆ ಒಯ್ಯಾಕತ್ತೇವಿ, ಬರ್ರಿ."

ಅವರು ಬದುಕಿದರು. ಆ ಕೈ ಮಾತ್ರ ಈಗಲೂ ತಲೆಯವರೆಗೆ ಏಳುವುದಿಲ್ಲ. ಮುಂದಿನ ಮೊಹರಮ್ಮಿಗೆ ಚಿಕ್ಕನರಗುಂದಕ್ಕೆ ಹೋಗಿ ದೇವರಿಗೆ ಹರಕೆಯ ಸಕ್ಕರೆ ಓದಿಸಿ ಬಂದೆವು. ಅಲಾವಿಯ ಸುತ್ತ ಅದೇ ತಾಳಕ್ಕೆ ಹಿರಿಯರು ಕಿರಿಯರು ಹೆಜ್ಜೆ ಹಾಕುತ್ತಿದ್ದರು. ಅದು ಎಲ್ಲಿಯದೆಂದು ಚಿಕ್ಕ ಮಕ್ಕಳನ್ನು ಕೇಳಿದರೆ ನಮ್ಮೂರದು ಅಂದರು. ಅದನ್ನು ಕಟ್ಟಿದ ಅಮೆರಿಕದ ಬಡವರಿಗೆ ನಮ್ಮ ಹಳ್ಳದ ಹೆಸರೂ ಗೊತ್ತಿರಲಿಕ್ಕಿಲ್ಲ. ಅವರ ಮಕ್ಕಳುಮರಿ ತಣ್ಣಗಿರಲಿ.

ಆದರೆ ಆ ಬೆಳಿಗ್ಗೆ ನನಗೆ ಗೊತ್ತಿದ್ದದ್ದು ಎರಡೇ. ಉಸಿರಿದೆ, ಮಾತಿಲ್ಲ. ಬಸ್ಸಿಗೆ ಇನ್ನೂ ಹೊತ್ತಿತ್ತು. ದವಾಖಾನೆಯಲ್ಲಿ ನಿಂತವರೆಲ್ಲ ಬೆಳಗಿನಿಂದ ಉಪವಾಸ. ಒಲೆ ಹೊತ್ತಿಸಿ ರೊಟ್ಟಿಗೆ ಎಸರಿಟ್ಟೆ.