ಬ್ರೇಕಿಲ್ಲದ ಬೈಕಿನ ಗೆರಾರ್ಡ್

ಲುಚಿನಾಳಿಗೆ ಮೊದಲು ಕೇಳಿಸಿದ್ದು ಅವನ ಕಾಲಿನ ಸದ್ದು. ಪಶ್ಚಿಮ ಪೋಲೆಂಡಿನ ಆ ಸಣ್ಣ ಊರಿನ ಬೇಕರಿಯಲ್ಲಿ, ಭಾನುವಾರ ಸಂಜೆ, ಅವಳು ಬಗ್ಗಿ ತಟ್ಟೆ ಒರೆಸುತ್ತಿದ್ದಾಗ ನೆಲದ ಮೇಲೆ ಠಣ್ ಎಂದಿತು. ಒಂದು ಹೆಜ್ಜೆ ಬಿಟ್ಟು ಮತ್ತೆ ಠಣ್. ತಲೆಯೆತ್ತಿದರೆ ಕೆಂಧೂಳು ಮೆತ್ತಿದ ಮುಖ, ಕನ್ನಡಕ ಇದ್ದಲ್ಲಿ ಮಾತ್ರ ಎರಡು ಬಿಳಿ ಉಂಗುರ, ಬಟ್ಟೆಯಿಂದ ಬೈಕಿನ ಎಂಜಿನ್ನಿಗೆ ಹಾಕುವ ಹರಳೆಣ್ಣೆ ಸುಟ್ಟ ವಾಸನೆ. ತಿರುವಿನಲ್ಲಿ ನೆಲಕ್ಕೆ ಉಜ್ಜಲೆಂದು ಎಡ ಬೂಟಿಗೆ ಕಟ್ಟಿದ ಕಬ್ಬಿಣದ ಅಟ್ಟೆಯನ್ನು ಅವನು ಬಿಚ್ಚಿರಲಿಲ್ಲ.

"ಕುದುರೆ ಒಳಗೆ ಬಂತೇನೋ ಅಂದ್ಕೊಂಡೆ," ಅಂದಳು.

"ಕುದುರೆಗೆ ಲಗಾಮಾದ್ರೂ ಇರುತ್ತೆ. ನನ್ನ ಬೈಕಿಗೆ ಬ್ರೇಕೇ ಇಲ್ಲ. ಜಾಮ್ ತುಂಬಿ ಕರಿದ ಆ ಪೊಂಚ್ಕಿ ಎರಡು ಕೊಡು, ಒಂದು ನಿಂಗೆ."

ಗೆರಾರ್ಡ್ ಪಿಲಾರ್ಸ್ಕಿ ಆಗ ಊರಿನ ಕಣ್ಮಣಿ. ಬ್ರೇಕಿಲ್ಲದ ಬೈಕುಗಳು ಮಣ್ಣಿನ ಮೈದಾನ ಸುತ್ತುವ ಸ್ಪೀಡ್‌ವೇ ಪಂದ್ಯವಿದ್ದ ದಿನ ಚರ್ಚಿನಲ್ಲಿ ಪಾದ್ರಿ ಕೂಡ ಪ್ರವಚನ ಬೇಗ ಮುಗಿಸುತ್ತಿದ್ದರು. ಅವರಿಬ್ಬರ ಮದುವೆಯಾದ ಮೇಲೊಂದು ಬೇಸಿಗೆ ಪಂದ್ಯದಲ್ಲಿ ಬಿದ್ದು ಅವನ ಬೆನ್ನುಮೂಳೆ ಮುರಿಯಿತು. ಇನ್ನೊಮ್ಮೆ ಬಿದ್ದರೆ ಕಾಲುಗಳ ಆಸೆ ಬಿಡಬೇಕೆಂದರು ವೈದ್ಯರು. ಇನ್ನು ಬೈಕ್ ಹತ್ತುವುದಿಲ್ಲವೆಂದು ಅವನು ಲುಚಿನಾಳ ಕೈ ಹಿಡಿದು ಮಾತು ಕೊಟ್ಟ. ತಲೆಗೂದಲು ನರೆಯುವವರೆಗೂ ಆ ಮಾತು ಉಳಿಸಿಕೊಂಡ.

ನವೆಂಬರಿನ ಮೊದಲ ದಿನ ಕ್ಲಬ್ಬಿನವರೆಲ್ಲ ಸ್ಮಶಾನಕ್ಕೆ ಹೋಗಿ, ತೀರಿಕೊಂಡ ಸವಾರರ ಸಮಾಧಿಗಳಿಗೆ ಕ್ಲಬ್ಬಿನ ಬಣ್ಣದ ಪಟ್ಟಿ ಕಟ್ಟಿ ದೀಪ ಹಚ್ಚುವುದು ವಾಡಿಕೆ. ಒಂದು ವರ್ಷ, ಹಿಂದೆ ಇವರ ಜೊತೆ ಓಡಿಸುತ್ತಿದ್ದ ರೋಮಾನ್‌ನ ಸಮಾಧಿಯ ಮುಂದೆ, ಗೆರಾರ್ಡ್‌ನ ಹಳೆಯ ಜೊತೆಗಾರ ಎದ್ಮುಂಡ್ ವಿಷಯ ತೆಗೆದ. ವಸಂತದಲ್ಲಿ ರೋಮಾನ್ ಹೆಸರಿನ ಪಂದ್ಯ. ಮೊದಲಿಗೆ ಗೆರಾರ್ಡ್ ಸೇರಿ ಹಳಬರು ನಾಲ್ವರು ಒಂದು ಸುತ್ತು ಮೆರವಣಿಗೆ.

"ನಿಧಾನಕ್ಕೆ ಕಣೇ ಲುಚಿನಾ, ಜನಕ್ಕೆ ಕೈ ಬೀಸ್ಕೊಂಡು," ಅಂದ ಎದ್ಮುಂಡ್.

"ನೀವು ನಾಲ್ವರು ಒಂದೇ ಗೆರೆ ಮೇಲೆ ನಿಂತ್ರೆ ನಿಧಾನ ಅನ್ನೋದು ಎಲ್ಲಿರುತ್ತೆ?"

"ಅಯ್ಯೋ, ನನ್ನ ಹೊಟ್ಟೆ ನೋಡು! ಹ್ಯಾಂಡಲ್ ಕೈಗೆ ಸಿಕ್ಕಿದ್ರೆ ಸಾಕು."

ಗೆರಾರ್ಡ್ ನಗಲಿಲ್ಲ, ಬೇಡ ಎನ್ನಲೂ ಇಲ್ಲ. ಕೋಟಿನ ಜೇಬಿನೊಳಗೆ ಅವನ ಎಡಗೈ ಕ್ಲಚ್ ಹಿಡಿದಂತೆ ಮುಚ್ಚಿ ತೆರೆಯುತ್ತಿತ್ತು. ಲುಚಿನಾ ಅದನ್ನು ನೋಡಿದಳು. ಚಳಿಗಾಲವೆಲ್ಲ ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಪಂದ್ಯದ ದಿನ ಗಾಳಿಯೇ ಇರಲಿಲ್ಲ. ಧೂಳು ಎದ್ದಲ್ಲೇ ನಿಲ್ಲುತ್ತಿತ್ತು. ಗೆರೆಯ ಮುಂದೆ ಅಡ್ಡ ಎಳೆದು, ಓಟ ಶುರು ಮಾಡಲು ಮೇಲಕ್ಕೆ ಚಿಮ್ಮಿಸುವ ಪಟ್ಟಿ ಮೆರವಣಿಗೆಗೆ ಬೇಕಿರಲಿಲ್ಲ. ಆದರೆ ಗೆರೆಯ ಮೇಲೆ ನಾಲ್ಕು ಬೈಕು ಕಂಡೊಡನೆ ಓಟಕ್ಕೆ ಚಾಲನೆ ಕೊಡುವ ಮುದುಕ ಅಭ್ಯಾಸಬಲದಿಂದ ಪಟ್ಟಿ ಇಳಿಸಿಬಿಟ್ಟ. ನಾಲ್ಕೂ ಬೆನ್ನುಗಳು ಮುಂದಕ್ಕೆ ಬಾಗಿದವು.

"ಪಟ್ಟಿ ಬೇಡ ಕಣ್ರೋ! ಪಟ್ಟಿ ಬೇಡ!" ಬೇಲಿಗೆ ಆತುಕೊಂಡು ಲುಚಿನಾ ಕಿರುಚಿದಳು. ಎಂಜಿನ್ನುಗಳ ಆರ್ಭಟದಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ.

ಪಟ್ಟಿ ಚಿಮ್ಮಿತು. ಯಾರೂ ಕೈ ಬೀಸಲಿಲ್ಲ. ಎದ್ಮುಂಡ್ ಮುಂದೆ, ಅವನ ಹಿಂಚಕ್ರಕ್ಕೆ ತಾಗುವಷ್ಟು ಹತ್ತಿರ ಗೆರಾರ್ಡ್. ಮೂರನೆಯ ತಿರುವಿನಲ್ಲಿ ಎದ್ಮುಂಡ್ ಜಾರಿ ಅಡ್ಡಬಿದ್ದ. ಬ್ರೇಕಿಲ್ಲದವನಿಗೆ ಉಳಿಯುವುದು ಎರಡೇ ದಾರಿ: ಬಿದ್ದವನ ಮೇಲೆ ಹತ್ತಿಸುವುದು, ಇಲ್ಲವೇ ಬೈಕನ್ನು ನೆಲಕ್ಕೆ ಮಲಗಿಸಿ ತಾನೂ ಬೀಳುವುದು. ಗೆರಾರ್ಡ್ ಮಲಗಿಸಿದ. ಬೈಕು ಅವನನ್ನು ಬೇಲಿಯವರೆಗೆ ಎಳೆದೊಯ್ದಿತು.

ಎದ್ಮುಂಡ್ ಮೈ ಕೊಡವಿಕೊಂಡು ಎದ್ದ. ಗೆರಾರ್ಡ್ ಏಳಲಿಲ್ಲ.

"ನನ್ನ ಮೇಲೇ ಹತ್ತಿಸ್ಬೇಕಿತ್ತು ಕಣೋ," ಎಂದು ಆಸ್ಪತ್ರೆಯಲ್ಲಿ ಎದ್ಮುಂಡ್ ಅತ್ತ.

"ಆ ಹೊಟ್ಟೆ ಮೇಲೆ ಹತ್ತಿಸಿದ್ರೆ ಹಾರಿ ಗಡಿಯಾಚೆ ಜರ್ಮನಿಯಲ್ಲಿ ಇಳೀತಿದ್ದೆ."

ಎದ್ಮುಂಡ್ ಹೋದ ಮೇಲೆ ಗೆರಾರ್ಡ್ ಹೆಂಡತಿಯ ಕಡೆ ತಿರುಗಿದ. "ಪಟ್ಟಿ ಎದ್ದಾಗ ನಿಂಗೆ ಕೊಟ್ಟ ಮಾತು ನೆನಪಾಗ್ಲಿಲ್ಲ, ಲುಚಿನಾ."

"ಗೊತ್ತು," ಎಂದಳು. ಹೊದಿಕೆಯ ಕೆಳಗಿನ ಅವನ ಪಾದವನ್ನು ಒತ್ತಿದಳು. ಆ ಸ್ಪರ್ಶ ಅವನಿಗೆ ತಿಳಿಯಲಿಲ್ಲ.

ಈಗ ಗೆರಾರ್ಡ್ ಶನಿವಾರಗಳಂದು ಗಾಲಿಕುರ್ಚಿಯಲ್ಲಿ ಕುಳಿತು, ಮುಂದಿನವನು ಬಿದ್ದಾಗ ಬೈಕನ್ನು ಹೇಗೆ ಮಲಗಿಸಬೇಕೆಂದು ಕ್ಲಬ್ಬಿನ ಮಕ್ಕಳಿಗೆ ಕಲಿಸುತ್ತಾನೆ.